ತೆಗೆದಿಡು, ತೆಗೆದುಬಿಡು

ಮಾರ್ಚ್ ೩

ಗೆ,
ಮಾನ್ಯ ಅಕ್ಕನವರು,
ಬಿಯರ್ ಕಾರ್ಖಾನೆ, ಕಾಲುವೆ ರಸ್ತೆ.

ವಿಷಯ: ತಮ್ಮ ಮೌನದ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ತಾವು ಮನೆ ಬಿಟ್ಟು ಹೋಗಿ ವಾರಗಳೇ ಕಳೆದಿದ್ದು, ಸದರಿ ಅವಧಿಯಲ್ಲಿ ಫೋನಿನ ಮೂಲಕ ತಾವು ನೀಡಿರುವ ಒಟ್ಟು ಮಾಹಿತಿ “ಹೂಂ” ಎಂಬುದಾಗಿರುತ್ತದೆ. ಊಟ ಆಯ್ತಾ ಎಂದರೆ ಹೂಂ. ಕೋಣೆ ಹೇಗಿದೆ ಎಂದರೆ ಹೂಂ. ಮೇಲಿನವರು ಯಾರು ಎಂದರೂ ಹೂಂ. ಆದ್ದರಿಂದ ಇನ್ನು ಮುಂದೆ ಎಲ್ಲ ವ್ಯವಹಾರ ಪತ್ರದ ಮೂಲಕವೇ ನಡೆಯತಕ್ಕದ್ದು.

ನೀರು ಸರಬರಾಜು ಕಚೇರಿಯಲ್ಲಿ ನೋಟಿಸು ಬರೆಯುವ ಕೆಲಸಕ್ಕೆ ಸೇರಿದ ಮೇಲೆ ನನಗೆ ಹೀಗಲ್ಲದೆ ಬೇರೆ ತರಹ ಬರೆಯಲು ಬರುವುದಿಲ್ಲ ಅಕ್ಕ. ನಿನ್ನೆ ಅಮ್ಮನಿಗೆ ಸದರಿ ಚಹಾ ತಣ್ಣಗಾಗಿರುತ್ತದೆ ಎಂದೆ. ಪ್ರತ್ಯುತ್ತರ ಸೌಟಿನಿಂದ ಬಂತು.

ಅಮ್ಮ ಬೀದಿಯವರಿಗೆಲ್ಲ ನೀನು ಬಾರ್ಲಿ ನೀರಿನ ಕಾರ್ಖಾನೆಯಲ್ಲಿದ್ದೀಯೆ ಎಂದು ಹೇಳಿಬಿಟ್ಟಿದ್ದಾಳೆ. ಬಿಯರಿನಲ್ಲಿ ಬಾರ್ಲಿ ಇದೆ, ನೀರೂ ಇದೆ. ಆದ್ದರಿಂದ ಇದು ಸುಳ್ಳಲ್ಲ ಎಂದು ಈ ಕಚೇರಿಯ ಅಭಿಪ್ರಾಯ. ಎದುರುಮನೆ ಅಜ್ಜಿ ಉರಿಮೂತ್ರಕ್ಕೆ ಎರಡು ಬಾಟಲಿ ಕೇಳಿದ್ದಾರೆ.

ಹನ್ನೊಂದು ವರ್ಷ ಸೈನ್ಯದಲ್ಲಿದ್ದು ಬಂದವಳು ನೀನು, ಒಂದು ವರ್ಷ ಹಿಂದಿನ ಕೋಣೆಯಲ್ಲಿ ಕುಳಿತು ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸಿದೆ. ಬಟ್ಟೆ ಅಂಗಡಿಯಲ್ಲಿ ಕಾವಲು ಕೆಲಸಕ್ಕೆ ಸೇರಿ, ಅದನ್ನು ಬಿಟ್ಟು ಬಂದೆ. ಯಾಕೆ ಎಂದು ಬಾಯಿಬಿಡಲಿಲ್ಲ. ಈಗ ಈ ಕಾರ್ಖಾನೆಯವರು ಆಗಸ್ಟ್ ಕೊನೆಯವರೆಗೆ ನೋಡಿ, ಹೊಂದಿಕೊಂಡರೆ ಬಿಯರ್ ಕಾಯಿಸುವ ಕೆಲಸವನ್ನೇ ಕಲಿಸಿ ಖಾಯಂ ಮಾಡುತ್ತಾರಂತೆ. ದಯವಿಟ್ಟು ಹೊಂದಿಕೋ. ಇದನ್ನೂ ಬಿಟ್ಟು ಬಂದರೆ ಬಿಚ್ಚಲು ಮನೆಯಲ್ಲಿ ನಲ್ಲಿ ಉಳಿದಿಲ್ಲ.

ತಮ್ಮ ವಿಶ್ವಾಸಿ,
ಕಿತಾಪತಿ


ಮಾರ್ಚ್ ೧೭

ಕಿತಾಪತಿ,

ಪತ್ರ ತಲುಪಿತು. ಎಲ್ಲ ಸರಿ ಇದೆ.

ಕೋಣೆ ಒಂದು ಇಸ್ತ್ರಿ ಅಂಗಡಿಯ ಮೇಲಿದೆ. ಹಗಲೆಲ್ಲ ನೆಲ ಬೆಚ್ಚಗಿರುತ್ತದೆ. ಕಿಟಕಿಯಿಂದ ಕಾಲುವೆ, ಅದರಾಚೆ ಕಾರ್ಖಾನೆಯ ತಗಡಿನ ಮಾಡು ಕಾಣುತ್ತದೆ.

ಕೆಲಸ ಹೀಗೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ ಮಾಲ್ಟು ಎನ್ನುತ್ತಾರೆ. ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಸುತ್ತಾರೆ. ಸಿಹಿನೀರನ್ನು ಬಸಿದು, ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಟ್ಯಾಂಕು ಮುಚ್ಚುತ್ತಾರೆ. ನನಗೆ ಸದ್ಯ ತೊಳೆಯುವ ಕೆಲಸ. ಸೈನ್ಯದಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದೇ: ಕೆಸರು ನೀರನ್ನು ಕುಡಿಯುವ ನೀರು ಮಾಡುವುದು, ಪಂಪು, ಜನರೇಟರು ನೋಡಿಕೊಳ್ಳುವುದು. ನೀನು ಬೀದಿಯಲ್ಲಿ ಹೇಳಿಕೊಂಡು ತಿರುಗಿದ ಯುದ್ಧಗಳಾವುವೂ ನನಗೆ ಗೊತ್ತಿಲ್ಲ.

ಮೇಲಿನವರನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ದೊಡ್ಡ ಮೀಸೆ, ತುಟಿ ಕಾಣುವುದಿಲ್ಲ. ಮಾತೆಲ್ಲ ಮೀಸೆಯೊಳಗೇ. ನಾನು ಯಾವಾಗಲೂ ಅವರ ಎಡಗಡೆಯೇ ನಿಲ್ಲುತ್ತೇನೆ. ಬಾಟಲಿ ತುಂಬುವ ಹೆಂಗಸು ಒಬ್ಬರಿದ್ದಾರೆ, ಬಾಟಲಿ ಚಿಕ್ಕಮ್ಮ. ಮೇಸ್ತ್ರಿ ಉಳಿಸಿದ ಮಾತನ್ನೆಲ್ಲ ಅವರೇ ಆಡಿ ಮುಗಿಸುತ್ತಾರೆ.

ಅಮ್ಮನಿಗೆ ನಮಸ್ಕಾರ. ಅಜ್ಜಿಗೆ ಬಾಟಲಿ ಕಳಿಸುವುದಿಲ್ಲ.

ಅಕ್ಕ


ಏಪ್ರಿಲ್ ೨

ಮಾನ್ಯ ಅಕ್ಕನವರಿಗೆ,

ತಮ್ಮ ವರದಿಯನ್ನು ಈ ಕಚೇರಿ ಕೂಲಂಕಷವಾಗಿ ಪರಿಶೀಲಿಸಿದೆ. ಮಾಲ್ಟು, ಬಿಸಿನೀರು, ಪಂಪು ಇತ್ಯಾದಿ ನಿರುಪದ್ರವಿ ಸಂಗತಿಗಳ ನಡುವೆ ತಾವು ಜಾಣತನದಿಂದ ಅಡಗಿಸಿಟ್ಟ ಒಂದು ವಾಕ್ಯ ಪತ್ತೆಯಾಗಿರುತ್ತದೆ: “ನಾನು ಯಾವಾಗಲೂ ಅವರ ಎಡಗಡೆಯೇ ನಿಲ್ಲುತ್ತೇನೆ.”

ಯಾಕೆ? ಹೃದಯ ಎಡಗಡೆ ಇರುತ್ತದೆ ಎಂದು ಶಾಲೆಯಲ್ಲಿ ನನಗೂ ಹೇಳಿಕೊಟ್ಟಿದ್ದಾರೆ. ಸದರಿ ಮೀಸೆಯ ವಯಸ್ಸೆಷ್ಟು, ಅದು ಈಗಾಗಲೇ ಯಾರದಾದರೂ ಸ್ವತ್ತಾಗಿದೆಯೇ, ಈ ವಿವರಗಳನ್ನು ಮರುಟಪಾಲಿನಲ್ಲಿ ಒದಗಿಸತಕ್ಕದ್ದು. ಪತ್ರವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿದೆ. ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿ, ಬಹಳ ಹೊತ್ತು ಯೋಚಿಸಿ, ಮೀಸೆಯದೇನು ಬೋಳಿಸಬಹುದು ಎಂದಳು. ನೀನು ಸೈನ್ಯಕ್ಕೆ ಸೇರಿದ ಮೇಲೆ ಅವಳು ಇಷ್ಟು ಗೆಲುವಾಗಿದ್ದನ್ನು ನಾನು ಕಂಡಿಲ್ಲ.

ಕಿತಾಪತಿ


ಏಪ್ರಿಲ್ ೨೦

ಕಿತಾಪತಿ,

ಮೇಸ್ತ್ರಿಗೆ ಅರವತ್ತೆಂಟು. ಮೊಮ್ಮಗಳಿಗೆ ನಿನ್ನ ವಯಸ್ಸು. ಅಮ್ಮನಿಗೆ ಮೆಲ್ಲಗೆ ಹೇಳು, ಒಮ್ಮೆಗೇ ಬೇಡ.

ಈ ವಾರ ಮೊದಲ ಸಲ ನನ್ನನ್ನು ಕುದಿಯುವ ಹಂಡೆಯ ಹತ್ತಿರ ಬಿಟ್ಟರು. ಕುದಿ ಬಂದು ನೊರೆ ಏರುವಾಗ ಬೆಂಕಿ ತಗ್ಗಿಸಬೇಕು, ತಡವಾದರೆ ಎಲ್ಲ ನೆಲದ ಪಾಲು. ನೊರೆ ಏರುವುದಕ್ಕೆ ಮೊದಲು ಮೇಲ್ಮೈ ಒಂದು ಚಣ ಚರ್ಮದ ಹಾಗೆ ಬಿಗಿಯುತ್ತದೆ. ಅದನ್ನು ನೋಡಿ ತಗ್ಗಿಸಿದೆ. ಮೇಸ್ತ್ರಿ ನನ್ನ ಮುಖ ನೋಡಿದರು. ಏನೋ ಅಂದರು, ಒಳ್ಳೆಯದನ್ನೇ ಅಂದಿರಬೇಕು.

ಇಲ್ಲಿ ಕಪ್ಪು ಬಿಯರು ಒಂದಿದೆ. ಅದರ ಯೀಸ್ಟನ್ನು ಮಾತ್ರ ಹೊರಗಿನಿಂದ ತರಿಸುವುದಿಲ್ಲ. ಬಿಯರು ಆದ ಮೇಲೆ ಟ್ಯಾಂಕಿನ ತಳದಲ್ಲಿ ಕೆನೆಯಂಥದ್ದು ಕೂರುತ್ತದೆ. ಅದನ್ನೇ ಎತ್ತಿಟ್ಟು ಮುಂದಿನ ಸಲಕ್ಕೆ ಹಾಕುತ್ತಾರೆ. ಹೆಪ್ಪು ಅಂತಲೇ ಕರೆಯುತ್ತಾರೆ. ಮೇಸ್ತ್ರಿ ಹರೆಯದಲ್ಲಿ ತಮಗೆ ಕೆಲಸ ಕಲಿಸಿದವರಿಂದ ತಂದ ಹೆಪ್ಪು ಇದು. ಅಂದಿನಿಂದ ಒಮ್ಮೆಯೂ ಕಡಿದಿಲ್ಲ.

ಸೈನ್ಯದಲ್ಲಿ ನನ್ನ ಕೆಲಸ ನೀರಿನಲ್ಲಿ ಏನೂ ಬದುಕಿರದ ಹಾಗೆ ನೋಡಿಕೊಳ್ಳುವುದಾಗಿತ್ತು. ಇಲ್ಲಿ ಬದುಕಿಸಿಕೊಂಡು ಹೋಗಬೇಕು. ಕೈ ಇನ್ನೂ ಹಳೆಯದನ್ನೇ ಮಾಡಲು ಹೋಗುತ್ತದೆ. ಆದರೂ ಬೆಳಿಗ್ಗೆ ಕಾಲುವೆ ದಾಟುವಾಗ ನಡಿಗೆ ತಾನಾಗಿ ಜೋರಾಗುತ್ತದೆ. ಇದನ್ನು ಅಮ್ಮನಿಗೆ ಓದಬೇಡ, ಸುಮ್ಮನೆ ಆಸೆ ಇಟ್ಟುಕೊಳ್ಳುತ್ತಾಳೆ.

ಅಕ್ಕ


ಮೇ ೧೧

ಕಿತಾಪತಿ,

ಎಲ್ಲ ಸರಿ ಇದೆ. ಕೆಲಸ ಜಾಸ್ತಿ. ಅಮ್ಮನ ಮೊಣಕಾಲು ನೋಡಿಕೋ. ಎಲ್ಲ ಸರಿ ಇದೆ.

ಅಕ್ಕ


ಮೇ ೨೨

ಅಂಚೆ ದಂಡ ನ್ಯಾಯಾಲಯ
(ನ್ಯಾಯಾಧೀಶರು, ಸರ್ಕಾರಿ ವಕೀಲರು ಮತ್ತು ಗುಮಾಸ್ತರು: ಕಿತಾಪತಿ)

ಆರೋಪಿಯು ನಾಲ್ಕು ಮಾತಿನ ಪತ್ರದಲ್ಲಿ “ಎಲ್ಲ ಸರಿ ಇದೆ” ಎಂದು ಎರಡು ಸಲ ಬರೆದಿರುವುದರಿಂದ ಅನುಮಾನಗೊಂಡ ನ್ಯಾಯಾಲಯವು ಊಟದ ಬಿಡುವಿನಲ್ಲಿ ಕಚೇರಿಯ ಫೋನಿನಿಂದ ಕಾರ್ಖಾನೆಯನ್ನು ಸಂಪರ್ಕಿಸಿತು. ಆರೋಪಿ ನನ್ನ ಅಕ್ಕ ಎಂದದ್ದೇ ತಡ, ಬಾಟಲಿ ಚಿಕ್ಕಮ್ಮನವರು ಏನು, ಯಾಕೆ ಎಂದೂ ವಿಚಾರಿಸದೆ ಸಾಕ್ಷ್ಯ ನುಡಿದರು. ಅವರ ಮಾತಿನಲ್ಲೇ:

“ಮೇಸ್ತ್ರಿ ಕಪ್ಪು ಬಿಯರ್ ಟ್ಯಾಂಕ್ ತೋರಿಸಿ, ಅಡಿಯದು ತೆಗೆದಿಡು ಅಂದ್ರು. ನಿಮ್ಮಕ್ಕ ಸರಿ ಅಂದ್ರು, ತೆಗೆದುಬಿಟ್ರು. ಎಲ್ಲಾ ಮೋರಿಗೆ. ಆಮೇಲೆ ಟ್ಯಾಂಕನ್ನ ಕನ್ನಡಿ ಥರ ಉಜ್ಜಿಟ್ರು ನೋಡಿ.”

ಮೇಸ್ತ್ರಿ ಬಂದು ಬಗ್ಗಿ ನೋಡಿದಾಗ ಒಳಗೆ ಅವರ ಮೀಸೆಯೇ ಕಂಡಿತಂತೆ. ಖಾಲಿ ಪೆಟ್ಟಿಗೆ ಎಳೆದುಕೊಂಡು ಅದರ ಮೇಲೆ ಕುಳಿತರಂತೆ. ನೀನು ಎದುರಿಗೆ ನೆಟ್ಟಗೆ ನಿಂತು, ತಪ್ಪಾಗಿದೆ, ಶಿಕ್ಷೆ ಕೊಡಿ ಎಂದೆಯಂತೆ. ಅವರು ಮನೆಗೆ ಹೋಗು ಎಂದರಂತೆ, ಅಷ್ಟೆ. ಅಂದಿನಿಂದ ಬೈದಿಲ್ಲ, ಮಾತೂ ಆಡಿಲ್ಲ.

ಮೇಸ್ತ್ರಿ ಕೊಡದ ಶಿಕ್ಷೆಯನ್ನು ಕೊಡಲು ಈ ನ್ಯಾಯಾಲಯ ಬದ್ಧವಾಗಿದೆ. ಆರೋಪ: ಇಡುವುದಕ್ಕೂ ಬಿಡುವುದಕ್ಕೂ ವ್ಯತ್ಯಾಸ ತಿಳಿಯದೆ ಒಂದು ನಿರಪರಾಧಿ ಕೆನೆಯ ವಂಶವನ್ನು ನಿರ್ನಾಮ ಮಾಡಿದ್ದು. ಮೇಸ್ತ್ರಿಯ ಪಕ್ಕದಲ್ಲೇ ನಿಂತಿದ್ದ ಆರೋಪಿ ಕಿವಿಯನ್ನು ಎಲ್ಲಿ ಅಡವಿಟ್ಟಿದ್ದಳು? ಆರೋಪಿ ಕೆಪ್ಪಿಯೋ, ಇಲ್ಲ ಕೆಪ್ಪಿಯ ವೇಷವೋ? ತೀರ್ಪು: ಕಿವಿ ಹಿಂಡಿ ಬಿಡುಗಡೆ. ಹಿಂಡಬೇಕಾದ ಕಿವಿ: ಎಡದ್ದು.

ನಗು ಬಂತಾ? ಬಂದಿದ್ದರೆ ಬರೆ.


ಜೂನ್ ೧೬

ಅಕ್ಕ,

ಉತ್ತರ ಬರಲಿಲ್ಲ. ನಗು ಬರಲಿಲ್ಲ ಎಂದು ತಿಳಿದುಕೊಂಡೆ.

ನಿನ್ನೆ ನಾನು ಫೋನ್ ಮಾಡಿದ್ದು ನಿನಗೆ ನೆನಪಿರಬಹುದು. ಕೋಪ ಬಂದಿದೆಯಾ ಎಂದು ಕೇಳಿದೆ, ನೀನು ಹೂಂ ಎಂದೆ. ಸರಿ, ಬಂದಿದೆ ಎಂದುಕೊಂಡೆ. ಹಾಗಾದರೆ ಕೋಪ ಇಲ್ಲವಾ ಎಂದು ಕೇಳಿದೆ, ಅದಕ್ಕೂ ಹೂಂ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಅಮ್ಮನನ್ನು ಸರ್ಕಸ್ಸಿನವರು ಕೇಳುತ್ತಿದ್ದಾರೆ, ಕೊಟ್ಟುಬಿಡಲಾ ಎಂದೆ. ಅದಕ್ಕೂ ನೀನು ಹೂಂ ಎಂದೆ.

ಆಮೇಲೆ ನಾನು ಏನೂ ಮಾತಾಡದೆ ಸುಮ್ಮನಿದ್ದೆ. ನೀನು ಸ್ವಲ್ಪ ಹೊತ್ತು ಬಿಟ್ಟು ಹೂಂ ಎಂದೆ.

ಅಕ್ಕ, ನಿನಗೆ ಕೇಳಿಸುತ್ತಿಲ್ಲ, ಅಲ್ಲವಾ?


ಜೂನ್ ೨೮

ಕಿತಾಪತಿ,

ಕೋಪ ಬಂದಿತ್ತು. ನೀನು ಹಾಸ್ಯ ಮಾಡಿದ್ದಕ್ಕಲ್ಲ, ಗುರಿ ತಪ್ಪದೆ ಮಾಡಿದ್ದಕ್ಕೆ.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಇದೆ ಎನ್ನುವಷ್ಟಿದೆ. ಎದುರಿಗಿದ್ದವರ ತುಟಿ ಕಂಡರೆ ಉಳಿದದ್ದನ್ನು ತುಂಬಿಸಿಕೊಳ್ಳುತ್ತೇನೆ. ಫೋನಿಗೆ ತುಟಿ ಇಲ್ಲ. ಮೇಸ್ತ್ರಿಗೆ ಮೀಸೆ. ಅದಕ್ಕೇ ಅವರ ಎಡಕ್ಕೆ ನಿಲ್ಲುವುದು, ನನ್ನ ಬಲಗಿವಿ ಅವರ ಕಡೆಗಿರಲಿ ಎಂದು. ನಿನ್ನ ಹೃದಯ ಸಿದ್ಧಾಂತ ಓದಿ ಆಗ ನಕ್ಕಿದ್ದೆ.

ಬಾಂಬಲ್ಲ, ಗುಂಡಲ್ಲ. ಜನರೇಟರು. ಅದು ಯಾವಾಗಲೂ ನನ್ನ ಎಡಕ್ಕಿರುತ್ತಿತ್ತು. ಇದಕ್ಕೆ ಪದಕ ಕೊಡುವುದಿಲ್ಲ. ತಪಾಸಣೆಯಲ್ಲಿ ಗೊತ್ತಾದ ಮೇಲೆ ನನ್ನನ್ನು ಉಗ್ರಾಣದಲ್ಲಿ ಕಂಬಳಿ ಎಣಿಸಲು ಕೂರಿಸಿದರು. ಯಾರೂ ಕೆಟ್ಟವರಲ್ಲ. ಎಲ್ಲರೂ ನನ್ನ ಹತ್ತಿರ ಬಂದಾಗ ಮಗುವಿನ ಜೊತೆ ಮಾತಾಡುವ ಹಾಗೆ ನಿಧಾನವಾಗಿ, ಬಾಯಿ ಅಗಲಿಸಿ ಮಾತಾಡುತ್ತಿದ್ದರು. ಬಟ್ಟೆ ಅಂಗಡಿಯವರೂ ಒಳ್ಳೆಯವರೇ. ಹಿಂದಿನಿಂದ ಯಾರೋ ಕೂಗಿದ್ದು ಕೇಳಿಸದೆ ಹೋದ ದಿನ ನನಗೊಂದು ಕುರ್ಚಿ ತಂದು ಹಾಕಿದರು. ಆ ಕುರ್ಚಿಯಿಂದ ಎದ್ದು ಮನೆಗೆ ಬಂದೆ.

ಹೆಪ್ಪಿನ ದಿನ ಪಂಪು ಓಡುತ್ತಿತ್ತು. ಮೇಸ್ತ್ರಿ ಬೆನ್ನು ತಿರುಗಿಸಿ ಹೋಗುತ್ತ ಹೇಳಿದರು. ಅಡಿಯದು ತೆಗೆದು ಎನ್ನುವವರೆಗೆ ಬಂತು, ಬಾಲ ಪಂಪಿಗೆ ಹೋಯಿತು. ಹೆಪ್ಪನ್ನು ಯಾರಾದರೂ ಚೆಲ್ಲು ಎನ್ನುತ್ತಾರೆಯೇ ಎಂದು ಮನಸ್ಸಿಗೆ ಬಂದಿತ್ತು. ಏನಂದಿರಿ ಎಂದು ಒಂದು ಮಾತು ಸಾಕಾಗಿತ್ತು. ಆ ಮಾತನ್ನು ನಾನು ಬಿಟ್ಟು ವರ್ಷಗಳಾದವು. ಒಮ್ಮೆ ಏನಂದಿರಿ ಎಂದರೆ ಇನ್ನೊಮ್ಮೆ ಅನ್ನಬೇಕಾಗುತ್ತದೆ. ಮೂರನೆಯ ಸಲಕ್ಕೆ ಎದುರಿನವರ ಮುಖ ಬದಲಾಗುತ್ತದೆ.

ಮೊನ್ನೆ ಮೇಸ್ತ್ರಿ ಎದುರಿಗೆ ನಿಲ್ಲಿಸಿಕೊಂಡು, ನಿನಗೆ ಈ ಕೆಲಸದಲ್ಲಿ ಮನಸ್ಸಿಲ್ಲ ಅನ್ನಿಸುತ್ತೆ ಎಂದರು. ಹೂಂ ಎಂದೆ. ಇದನ್ನು ಮಾತ್ರ ಸ್ಪಷ್ಟವಾಗಿ ಕೇಳಿಸಿಕೊಂಡೇ ಹೂಂ ಎಂದೆ. ಅಸಡ್ಡೆಯವಳು ಎಂದು ತೆಗೆದುಬಿಟ್ಟರೆ ಬಿಡಲಿ. ಕೆಪ್ಪಿ, ಪಾಪ ಎಂದು ಒಂದು ಮೂಲೆಯಲ್ಲಿ ಬಾಟಲಿಗೆ ಚೀಟಿ ಅಂಟಿಸಲು ಇಟ್ಟುಕೊಳ್ಳುವುದು ಬೇಡ.

ನೀನು ಯಾರಿಗೂ ಹೇಳಕೂಡದು. ಅಮ್ಮನಿಗೂ.

ಅಕ್ಕ


ಜುಲೈ ೬

ಅಕ್ಕ,

ಕಚೇರಿಯ ಭಾಷೆಯಲ್ಲಿ ಬರೆಯಲು ನೋಡಿದೆ. ‘ಸದರಿ ಕಿವಿ’ ಎಂದು ಬರೆದು ಕೈ ನಿಂತಿತು.

ಕಾರ್ಖಾನೆಯ ನಂಬರು ನನ್ನ ಹತ್ತಿರ ಇದೆ. ಎರಡು ದಿನ ಊಟದ ಬಿಡುವಿನಲ್ಲಿ ಫೋನಿನ ಮುಂದೆ ಹೋಗಿ ಕುಳಿತೆ, ಎತ್ತಲಿಲ್ಲ. ಬಾಟಲಿ ಚಿಕ್ಕಮ್ಮನಿಗೆ ಹೇಳಿದರೆ ಒಂದೇ ಮಧ್ಯಾಹ್ನದಲ್ಲಿ ಕಾಲುವೆಯ ಎರಡೂ ದಡಕ್ಕೆ ಗೊತ್ತಾಗುತ್ತದೆ ಎಂದು ಗೊತ್ತು. ಹೇಳುವುದಿಲ್ಲ. ಹೊಟ್ಟೆ ಉಬ್ಬರಿಸಿಕೊಂಡಿದೆ, ಆದರೂ ಹೇಳುವುದಿಲ್ಲ.

ಆದರೆ ಒಂದು ಮಾತು ಹೇಳಬೇಕು. ಮೇಸ್ತ್ರಿ ಪಾಪ ಅನ್ನುತ್ತಾರೆ, ಚೀಟಿ ಅಂಟಿಸಲು ಕೂರಿಸುತ್ತಾರೆ ಎಂದು ನಿನಗೆ ಹೇಗೆ ಗೊತ್ತು? ಅವರು ಬಾಯಿಬಿಟ್ಟು ಹೇಳಿದ್ದು ನಿನಗೆ ಅರ್ಧವೂ ಕೇಳಿಸಿಲ್ಲ. ಹೇಳದೆ ಇರುವುದನ್ನು ಮಾತ್ರ ಪೂರ್ತಿ ಕೇಳಿಸಿಕೊಂಡಿದ್ದೀಯೆ.

ನಿನಗೆ ಆದೇಶ ಕೊಟ್ಟರೆ ಮಾತ್ರ ಅರ್ಥವಾಗುವುದರಿಂದ ಈ ಕೆಳಗಿನ ಸುತ್ತೋಲೆ ಹೊರಡಿಸಲಾಗಿದೆ:

ನಮ್ಮ ಮಾತಿನಲ್ಲಿ ಕಿವಿಗೆ ಬೀಳುವುದಕ್ಕೂ ಕೇಳುವುದು ಎನ್ನುತ್ತಾರೆ, ಬಾಯಿಬಿಟ್ಟು ವಿಚಾರಿಸುವುದಕ್ಕೂ ಕೇಳುವುದು ಎನ್ನುತ್ತಾರೆ. ಒಂದು ಕೆಟ್ಟು ನಿಂತವರು ಇನ್ನೊಂದರಲ್ಲಿ ಕೆಲಸ ಸಾಗಿಸಲಿ ಎಂದೇ ಈ ಏರ್ಪಾಡು ಮಾಡಿದಂತೆ ಈ ಕಚೇರಿಗೆ ತೋರುತ್ತದೆ. ಆದ್ದರಿಂದ ಕೇಳದಿದ್ದರೆ ಕೇಳತಕ್ಕದ್ದು.

ಮುಖ ಬದಲಾಗುವವರದು ಬದಲಾಗಲಿ ಅಕ್ಕ. ನಿನಗೆ ಬಿಯರು ಬೇಕಲ್ಲ? ಬೆಳಿಗ್ಗೆ ಕಾಲುವೆ ದಾಟುವಾಗ ನಡಿಗೆ ಜೋರಾಗುತ್ತದೆ ಎಂದು ಬರೆದವಳು ನೀನೇ ತಾನೆ? ಅದನ್ನು ಅಮ್ಮನಿಗೆ ಓದಿಲ್ಲ. ನಾನು ಮಾತ್ರ ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಕಿತಾಪತಿ


ಆಗಸ್ಟ್ ೧

ಕಿತಾಪತಿ,

ಸುತ್ತೋಲೆಯನ್ನು ಜೇಬಿನಲ್ಲಿಟ್ಟುಕೊಂಡು ಮೂರು ವಾರ ತಿರುಗಿದೆ. ಕೊನೆಗೆ ಮೊನ್ನೆ.

ಮೇಸ್ತ್ರಿ ಕಪ್ಪು ಬಿಯರಿಗೆ ಹೊರಗಿನಿಂದ ಬೇರೆ ಯೀಸ್ಟ್ ತರಿಸಿದ್ದಾರೆ. ಸಣ್ಣ ಜಾಡಿಗಳಲ್ಲಿ ಹಾಕಿ ಯಾವುದು ಹೇಗೆ ಏಳುತ್ತದೆ ಎಂದು ನೋಡುತ್ತಿದ್ದರು. ನನ್ನ ಕಡೆ ತಿರುಗಿ ಏನೋ ಅಂದರು. ಪಂಪು ಓಡುತ್ತಿತ್ತು. ಏನಂದಿರಿ ಎಂದೆ. ಇನ್ನೊಮ್ಮೆ ಅಂದರು. ಏನಂದಿರಿ ಎಂದೆ. ಮೂರನೆಯ ಸಲ ಅವರ ಮುಖ ಬದಲಾಗುವುದನ್ನು ಕಾಯದೆ ಎಲ್ಲ ಹೇಳಿಬಿಟ್ಟೆ. ಎಡಗಿವಿ, ಬಲಗಿವಿ, ಪಂಪು, ಅವರ ಮೀಸೆ, ಅಂದು ನನಗೆ ಕೇಳಿಸಿದ್ದು, ಕೇಳಿಸದೆ ಇದ್ದದ್ದು.

ಮೇಸ್ತ್ರಿ ಹೋಗಿ ಪಂಪು ನಿಲ್ಲಿಸಿದರು. ವಾಪಸು ಬಂದು ನನ್ನ ಎದುರಿಗೆ ನಿಂತು, ಎರಡು ಬೆರಳಿನಲ್ಲಿ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದುಕೊಂಡರು. ಆಮೇಲೆ ಬೈಯಲು ಶುರು ಮಾಡಿದರು.

ಕಿತಾಪತಿ, ಸೈನ್ಯದಲ್ಲೂ ನಾನು ಅಂಥ ಬೈಗುಳ ತಿಂದಿಲ್ಲ. ನಲವತ್ತು ವರ್ಷದ ಹೆಪ್ಪು, ಕತ್ತೆ, ಮೋರಿಗೆ ಸುರಿದೆಯಲ್ಲ, ಕೈಯಾದರೂ ನಡುಗಲಿಲ್ಲವಾ, ಉಜ್ಜಿ ಬೇರೆ ಇಟ್ಟಿದ್ದೀಯೆ. ಉಸಿರು ತೆಗೆದುಕೊಳ್ಳಲು ಮೀಸೆ ಬಿಡುವುದು, ಮತ್ತೆ ಎತ್ತುವುದು. ಒಂದು ಮಾತೂ ತಪ್ಪದೆ ಎಲ್ಲ ಕೇಳಿಸಿತು. ಬಾಟಲಿ ಚಿಕ್ಕಮ್ಮ ಬಾಟಲಿ ಕೈಯಲ್ಲೇ ಹಿಡಿದು ನಿಂತಿದ್ದರು.

ಇಷ್ಟು ದಿನ ಯಾಕೆ ಬೈಯಲಿಲ್ಲ ಎಂದು ಕೇಳಿದೆ.

“ಮನಸ್ಸಿಲ್ಲದವರನ್ನ ಬೈದು ನನ್ನ ಬಾಯಿ ಯಾಕೆ ನೋಯಿಸ್ಕೊಳ್ಲಿ? ನಿನ್ನ ಕಿವಿಯದು ಅಂತ ಮೊದಲೇ ಹೇಳಿದ್ರೆ ಆವತ್ತೇ ಬೈದು ಮುಗಿಸ್ತಿದ್ದೆ.”

ಪಾಪ ಎನ್ನಲಿಲ್ಲ. ಕುರ್ಚಿ ತರಲಿಲ್ಲ. ಹಂಡೆಯ ಹತ್ತಿರ ಹೋಗು ಎಂದರು. ಈ ಸಲದ ಕಪ್ಪು ಬಿಯರನ್ನು ನಾನೇ ಕಾಯಿಸಬೇಕಂತೆ, ಆಗಸ್ಟ್ ಕೊನೆಯ ಲೆಕ್ಕ ಬಿಟ್ಟು ಅದನ್ನು ಕುಡಿದು ನೋಡಿ ಇರಬೇಕೋ ಹೋಗಬೇಕೋ ಹೇಳುತ್ತಾರಂತೆ.

ಅಮ್ಮನಿಗೆ ನೀನೇ ಹೇಳು. ಹೇಗೆ ಹೇಳಬೇಕು ಎಂದು ನನಗೆ ಗೊತ್ತಾಗುತ್ತಿಲ್ಲ.

ಅಕ್ಕ


ಆಗಸ್ಟ್ ೧೩

ಅಕ್ಕ,

ಹೇಳಿದೆ. ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟಳು. “ನಾನು ಕರೆದಾಗ ಅದಕ್ಕೇ ಬರ್ತಿರಲಿಲ್ಲ. ನಾನು ಕೊಬ್ಬು ಅಂದ್ಕೊಂಡಿದ್ದೆ” ಎಂದಳು. ಆಮೇಲೆ ಹಿಂದಿನ ಕೋಣೆಗೆ ಹೋಗಿ ನೀನು ಬಿಚ್ಚಿ ಜೋಡಿಸಿದ ನಲ್ಲಿಯನ್ನು ತಿರುಗಿಸಿ, ನಿಲ್ಲಿಸಿ, ತಿರುಗಿಸಿ ನಿಂತಿದ್ದಳು. ನಾನು ಒಳಗೆ ಹೋಗಲಿಲ್ಲ.

ಸಂಜೆ ಎದುರುಮನೆಗೆ ಹೋಗಿ, ಬಾರ್ಲಿ ನೀರಲ್ಲ ಅಜ್ಜಿ, ನನ್ನ ಮಗಳು ಬಿಯರ್ ಮಾಡುತ್ತಾಳೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಬಂದಳು. ಅಜ್ಜಿ ಎರಡು ಬಾಟಲಿಯ ಬೇಡಿಕೆಯನ್ನು ನಾಲ್ಕಕ್ಕೆ ಏರಿಸಿರುತ್ತಾರೆ.

ಕಿತಾಪತಿ


ಸೆಪ್ಟೆಂಬರ್ ೨೬

ಕಿತಾಪತಿ,

ಇಂದು ಕಪ್ಪು ಬಿಯರಿನ ಟ್ಯಾಂಕು ತೆರೆದೆವು.

ಈ ವಾರಗಳಲ್ಲಿ ನಾನು ಏನಂದಿರಿ ಎಂದು ಕೇಳಿದ್ದಕ್ಕೆ ಲೆಕ್ಕವಿಲ್ಲ. ಮಾಲ್ಟು ಹುರಿದದ್ದು ಸಾಕೋ ಎಂದರೆ ಒಂದು ಉತ್ತರ, ಅದು ಕೇಳಿಸದೆ ಮತ್ತೆ ಕೇಳಿದರೆ ಬೈಗುಳ ಸೇರಿಸಿ ಅದೇ ಉತ್ತರ. ಮೇಸ್ತ್ರಿಯ ಮುಖ ಬದಲಾಗುತ್ತದೆ, ಹೌದು. ಕೆಂಪಾಗುತ್ತದೆ. ಆಮೇಲೆ ಮಾಮೂಲಿಗೆ ಬರುತ್ತದೆ. ಅದನ್ನು ನೋಡಿಕೊಂಡು ನಿಲ್ಲಲು ಸಾಧ್ಯ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಮೊದಲ ಲೋಟ ಅವರಿಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು. ಮೂಸಿದರು. ಒಂದು ಗುಟುಕು ಕುಡಿದು, ಹಳೆಯದರ ಹತ್ತಿರಕ್ಕೂ ಬರುವುದಿಲ್ಲ ಎಂದರು. ನಾನು ಹೂಂ ಎಂದೆ. ಅದು ನನಗೂ ಗೊತ್ತಿತ್ತು, ಹಳೆಯದು ಮೋರಿಗೆ ಹೋಗಿದೆ, ಬರುವುದಿಲ್ಲ. ಅವರು ಕಿಟಕಿಯ ಕಡೆ ತಿರುಗಿ ಇನ್ನೊಂದು ಗುಟುಕು ಕುಡಿದರು. ಮತ್ತೊಂದು. ಲೋಟ ಖಾಲಿಯಾದ ಮೇಲೆ ಅದರ ತಳವನ್ನು ನೋಡುತ್ತ ನಿಂತರು. ಬಾಟಲಿ ಚಿಕ್ಕಮ್ಮ ಆ ಮೂಲೆಯಲ್ಲಿ ಬಾಟಲಿ ಜೋಡಿಸುತ್ತಿದ್ದರು, ನಾನು ಮೇಸ್ತ್ರಿಯ ಎಡಕ್ಕಿದ್ದೆ, ಪಂಪು ನಿಂತಿತ್ತು.

ಮೀಸೆಯೊಳಗೇ ಅಂದರು: “ಚಳಿಗಾಲದ್ದೂ ನೀನೇ ಕಾಯ್ಸು.”

ಏನಂದಿರಿ ಎಂದೆ.

ಮೇಸ್ತ್ರಿ ಲೋಟ ಕೆಳಗಿಟ್ಟು, ನನ್ನ ಕಡೆ ತಿರುಗಿ, ಮೀಸೆ ಎತ್ತಿ ಹಿಡಿದು, ತಗಡಿನ ಮಾಡು ಅದುರುವ ಹಾಗೆ ಇನ್ನೊಮ್ಮೆ ಹೇಳಿದರು. ಬಾಟಲಿ ಚಿಕ್ಕಮ್ಮ ತಲೆ ಎತ್ತಿ ನೋಡಿದರು. ಹೊರಗೆ ಗಾಡಿಯಿಂದ ಮೂಟೆ ಇಳಿಸುತ್ತಿದ್ದವರೂ ನೋಡಿದರು.

ಕಿತಾಪತಿ, ನನಗೆ ಮೊದಲನೆಯ ಸಲವೇ ಕೇಳಿಸಿತ್ತು.

ಅಕ್ಕ